ಅಪ್ರದಕ್ಷಿಣೆ

ಮೂವತ್ತೊಂದು ವರ್ಷ ಕಣ್ಣಿಗೆ ಗಾಜು ಕಚ್ಚಿಸಿಕೊಂಡು
ಉಸಿರು ಹಿಡಿದು ಕೂತವಳು ನಾನು.
ಸೀನಿದರೆ ಹಾರಿಹೋಗುವ ಚಕ್ರ,
ರೆಪ್ಪೆಗೂದಲಿನಷ್ಟು ಸ್ಪ್ರಿಂಗು,
ಕೆಂಪು ಕಲ್ಲಿನ ಕುಳಿಯೊಳಗೆ ಅಚ್ಚಿನ ಮೊನೆ.
ಗಡಿಯಾರದ ಕಾರ್ಖಾನೆ ಬಾಗಿಲು ಹಾಕಿದ ದಿನ
ಕೈಚೀಲದಲ್ಲಿ ತಂದದ್ದು ಒಂದು ಚಿಮುಟ,
ಆ ಗಾಜು,
ಮತ್ತೆ ಭಾರವಾದದ್ದೇನಾದರೂ
ಎತ್ತಬೇಕೆಂಬ ಹಟ.

ಎತ್ತಿದೆ.
ಶಿರಾ ಗೇಟಿನ ಗುಜರಿಯಲ್ಲಿ ಒಡೆದ ಪಂಪು,
ಲಾರಿಯ ಬ್ರೇಕ್ ಡ್ರಮ್ಮು, ಹೊಲಿಗೆ ಮಿಷಿನ್ನಿನ ಕಾಲು.
ಕರಗಿದ ಮೇಲೆ ಎಲ್ಲ ಒಂದೇ ಜಾತಿ
ಎಂದ ಅಂತರಸನಹಳ್ಳಿಯ ಇನಾಯತ್,
ಕುಲುಮೆಯ ಮುಂದೆ ಬೆವರು ಒರೆಸುತ್ತ.
ಹಲಸಿನ ಹಲಗೆಯಲ್ಲಿ ನಾನು ಕೆತ್ತಿದ ಅಚ್ಚು ನೋಡಿ
"ಅಕ್ಕಾ, ಕಬ್ಬಿಣ ಆರುವಾಗ ಕುಗ್ಗುತ್ತೆ,
ನೂರಕ್ಕೆ ಒಂದು ಜಾಸ್ತಿ ಕೊಡು" ಅಂದ.
ಕೊಟ್ಟೆ. ಗಡಿಯಾರದಲ್ಲಿ ಯಾರೂ
ಜಾಸ್ತಿ ಕೊಡು ಅಂದವರಿಲ್ಲ.

ಮರಳೂರು ದಿಣ್ಣೆಯ ತಗಡಿನ ಶೆಡ್ಡಿನಲ್ಲಿ
ಎರಡು ವರ್ಷ ಎಂಟು ತಿಂಗಳು.
ಹಳೇ ಕ್ಯಾಲೆಂಡರಿನ ಬೆನ್ನಿಗೆ ನಕ್ಷೆ:
ಜನವರಿಯ ಹಿಂದೆ ಸಿಲಿಂಡರು,
ಫೆಬ್ರವರಿಯದು ಮೂರು ಸಲ ಅಳಿಸಿದ್ದು.
ಅಪ್ಪ ರಾಗಿ ಹೊತ್ತುಕೊಂಡು ಹೋಗುತ್ತಿದ್ದ ಗಿರಣಿಯಲ್ಲಿ
ಇದ್ದದ್ದರ ಮೂರನೇ ಒಂದು ಅಳತೆ;
ಆದರೂ ಫ್ಲೈವೀಲು ನನ್ನ ಮೊಣಕಾಲು ದಾಟುತ್ತದೆ,
ಎತ್ತಲು ನಾಲ್ಕು ಜನ, ಒಂದು ಬೈಗುಳ.

ನೀರೆತ್ತುತ್ತಾ? ಕೇಳುತ್ತಾರೆ. ಇಲ್ಲ.
ಕರೆಂಟು ಕೊಡುತ್ತಾ? ಇಲ್ಲ.
ರಾಗಿ ಬೀಸುತ್ತಾ?
ಮನಸ್ಸು ಮಾಡಿದರೆ ಬೀಸೀತು. ಮನಸ್ಸಿಲ್ಲ.
ಮೈದುನ ಗಂಗಹನುಮಯ್ಯ ಬಾಗಿಲಲ್ಲೇ ನಿಂತು
ಈ ದುಡ್ಡಿಗೆ ಎರಡು ಬಳೆ ಬರ್ತಿತ್ತು ಅಂದ.
ಪಿಸ್ಟನ್ನಿನ ರಿಂಗು ತೋರಿಸಿದೆ:
ಬಂದಿವೆ ನೋಡು, ಮೂರು.

ಇದಕ್ಕೆ ಪ್ಲಗ್ಗಿಲ್ಲ, ಕಿಡಿಯಿಲ್ಲ.
ಗಾಳಿಯನ್ನೇ ಅದುಮುವುದು,
ಹದಿನೆಂಟು ಪಾಲನ್ನು ಒಂದು ಪಾಲಿನ ಜಾಗಕ್ಕೆ;
ಅದು ತಾನೇ ಕಾದು
ಇನ್ನು ತಾಳಲಾರೆ ಎನ್ನುವ ಹೊತ್ತಿಗೆ
ಒಂದು ತೊಟ್ಟು ಡೀಸೆಲ್.
ತೊಟ್ಟು ಕೂಡ ಅಲ್ಲ, ಸಾಸಿವೆ.
ಸಾಸಿವೆಯನ್ನೂ ಮಂಜು ಮಾಡಿ ಊದಬೇಕು.
ಬಟವಾಡಿಯ ಲೇತಿನವರು ಕೈಚೆಲ್ಲಿದ್ದು ಅಲ್ಲೇ:
ಪಂಪಿನ ಪ್ಲಂಜರಿಗೂ ಕೊಳವೆಗೂ ನಡುವೆ
ಕೂದಲನ್ನು ಮೂವತ್ತು ಸೀಳು ಮಾಡಿದರೆ
ಒಂದು ಸೀಳಿನಷ್ಟೇ ಜಾಗ.

ಟ್ರಂಕಿನಿಂದ ತೆಗೆದೆ ಆವತ್ತು ಕಣ್ಣಿನ ಗಾಜು.
ಹನ್ನೊಂದು ರಾತ್ರಿ. ಎಣ್ಣೆ, ಪುಡಿ, ಬೆರಳು.
ಮಸೆ, ಒರೆಸು, ಮಸೆ.
ಬಿಟ್ಟರೆ ಪ್ಲಂಜರು ತನ್ನ ಭಾರಕ್ಕೆ ತಾನೇ
ಮೆಲ್ಲಗೆ ಇಳಿಯಬೇಕು,
ಕೊಳವೆಯ ಬಾಯಿಗೆ ಬೆರಳಿಟ್ಟರೆ ನಿಲ್ಲಬೇಕು.
ಹನ್ನೊಂದನೇ ರಾತ್ರಿ ನಿಂತಿತು.
ನಾನೂ.

ಹ್ಯಾಂಡಲ್ ಹಿಡಿಯಲು ಗಿರಣಿ ಲಿಂಗದೇವರು ಬಂದರು.
ವಯಸ್ಸು ಎಪ್ಪತ್ತಾರು, ಎಂಜಿನ್ನು ಒದ್ದು ಒಮ್ಮೆ
ಮುರಿದ ಮಣಿಕಟ್ಟು ಇನ್ನೂ ಸೊಟ್ಟ.
ಹೆಬ್ಬೆರಳು ಸುತ್ತಬೇಡಮ್ಮ, ಪಕ್ಕಕ್ಕಿಡು, ಅಂದರು.
ವಾಲ್ವ್ ಎತ್ತಿ ಸುತ್ತಿದೆವು, ಸುತ್ತಿದೆವು, ಬಿಟ್ಟೆವು.
ಬುಸ್.
ಮತ್ತೆ. ಬುಸ್.
ಮೂರನೇ ಸಲ ಒಳಗೇನೋ ಒದ್ದು
ಚಕ್ರ ನಿಂತು, ಯೋಚಿಸಿ,
ಹಿಂದಕ್ಕೆ ಹೊರಟಿತು.

ಹಿಂದಕ್ಕೆ! ದಡ್ ದಡ್ ದಡ್,
ಹೊಗೆಯ ಕೊಳವೆಯಿಂದ ಗಾಳಿ ಕುಡಿದು
ಗಾಳಿಯ ಬಾಯಿಂದ ನನ್ನ ಮುಖಕ್ಕೆ
ಮಸಿ ಉಗಿಯುತ್ತ,
ಎಡಕ್ಕೆ, ಅಪ್ರದಕ್ಷಿಣೆಯಾಗಿ,
ಶೆಡ್ಡಿನ ತಗಡೆಲ್ಲ ಕುಣಿಸುತ್ತ.

ನಿಲ್ಲಿಸಮ್ಮಾ, ಆಯಿಲ್ ಪಂಪೂ ಉಲ್ಟಾ, ಬೇರಿಂಗು ಒಣಗುತ್ತೆ,
ಲಿಂಗದೇವರು ಕೂಗುತ್ತಿದ್ದರು.
ಗೊತ್ತಿತ್ತು.
ಮೂವತ್ತೊಂದು ವರ್ಷ, ದಿನಕ್ಕೆ ಇನ್ನೂರರಂತೆ,
ಬಲಕ್ಕೆ ಹೋಗುವುದನ್ನಷ್ಟೇ ಪಾಸು ಮಾಡಿದ ಕೈ
ಡೀಸೆಲ್ಲಿನ ನಲ್ಲಿಯ ಮೇಲಿತ್ತು.

ಹತ್ತು ಎಣಿಸಿದೆ.
ಆಮೇಲೆ ತಿರುಗಿಸಿದೆ.

ನಾಳೆ ಪಂಪಿನ ಗೇರು ಒಂದು ಹಲ್ಲು ಹಿಂದೆ ಕೂರಿಸಬೇಕು.
ಈಗ ಕಿವಿ ಗುಂಯ್ ಅನ್ನುತ್ತಿದೆ,
ಲಿಂಗದೇವರಿಗೆ ಕಾಫಿ ಬೇಕಂತೆ,
ಕನ್ನಡಿಯಲ್ಲಿ ಹಲ್ಲು ಮಾತ್ರ ಬಿಳಿ.